ಎರಡೂ ಪಟ್ಟಿ ಸರಿ ಇದೆ, ತಲೆಬಿಸಿ ಅದೇ

ವಾಯ್ಸ್ ಹಾಕೋಣ ಅಂದ್ರೆ ಇಲ್ಲಿ ಮಕ್ಳು ಮಲಗಿದಾರೆ, ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡ್ತಿದೀನಿ, ಉದ್ದ ಆಯ್ತು ಅಂತ ಬೈಕೋಬೇಡಿ. ಅಮ್ಮನ್ನ ಇಷ್ಟು ವರ್ಷ ಯಾರು ನೋಡ್ಕೊಂಡ್ರು, ಯಾರು ಬರೀ ಫೋನಲ್ಲಿ ವಿಚಾರಿಸ್ಕೊಂಡ್ರು ಅಂತ ಅಣ್ಣ ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ ಮೆಸೇಜೂ ಓದ್ದೆ, ಮನೆ ಹಂಚು ತೆಗೆಸಿದ್ದು ಯಾರ ದುಡ್ಡಲ್ಲಿ, ಆಪರೇಷನ್ ಬಿಲ್ ಕಟ್ಟಿದ್ದು ಯಾರು ಅಂತ ತಮ್ಮ ಬೆಂಗಳೂರಿಂದ ಕೊಟ್ಟ ಉತ್ತರಾನೂ ಓದ್ದೆ. ಎರಡರಲ್ಲೂ ಒಂದೂ ಸುಳ್ಳಿಲ್ಲ. ಸುಳ್ಳು ದೂರು ಆಗಿದ್ರೆ ಇವತ್ತಲ್ಲ ನಾಳೆ ಉದುರಿ ಹೋಗ್ತಿತ್ತು, ನಿಜವಾದ ದೂರನ್ನ ಮನುಷ್ಯ ಸಾಯೋವರೆಗೂ ಬಿಡಲ್ಲ ನೋಡಿ.

ವೇಷ ಇಲ್ದೆ ಕೂತು ಮಾತಲ್ಲೇ ಪ್ರಸಂಗ ನಡೆಸ್ತಾರಲ್ಲ, ಆ ತಾಳಮದ್ದಳೆಗೆ ಹೋದವ್ರಿಗೆ ಗೊತ್ತಿರತ್ತೆ, ಗದಾಯುದ್ಧದ ಪ್ರಸಂಗದಲ್ಲಿ ತೊಡೆ ಮುರಿಸ್ಕೊಂಡು ಬಿದ್ದಿರೋ ಕೌರವ ಕೃಷ್ಣನ್ನ ತರಾಟೆಗೆ ತಗೋತಾನಲ್ಲ, ಶಿಖಂಡಿನ ಮುಂದಿಟ್ಟು ಭೀಷ್ಮನ್ನ ಬೀಳಿಸಿದ್ರಿ, ಆನೆ ಹೆಸ್ರು ಹೇಳಿ ದ್ರೋಣನ್ನ, ರಥದ ಚಕ್ರ ಹೂತಾಗ ಕರ್ಣನ್ನ ಅಂತ. ಒಂದನ್ನೂ ಅಲ್ಲಗಳೆಯಕ್ಕಾಗಲ್ಲ. ಕೃಷ್ಣ ತಿರುಗಿಸಿ ಭೀಮಂಗೆ ವಿಷ, ಅರಗಿನ ಮನೆ, ದ್ರೌಪದಿ, ಅಭಿಮನ್ಯು ಅಂತಾನೆ, ಅದೂ ನಿಜವೇ. ಪಾತ್ರದ ಮಾತಾಡೋ ಅರ್ಥಧಾರಿಗಳು ಒಳ್ಳೆಯವರು ಕೂತ್ರಂತೂ ಇವನ ಮಾತು ಕೇಳ್ದಾಗ ಇವನೇ ಸರಿ ಅನ್ಸತ್ತೆ, ಅವನ ಮಾತು ಕೇಳ್ದಾಗ ಅವನೇ. ಆಮೇಲೆ ಏನಾಯ್ತು, ಅದೇ ರಾತ್ರಿ ಅಶ್ವತ್ಥಾಮ ಹೋಗಿ ಮಲಗಿದ್ದ ದ್ರೌಪದಿ ಮಕ್ಕಳನ್ನ ಕೊಂದು ಬಂದ, ವ್ಯಾಸಭಾರತದಲ್ಲಿ ಸಾಯ್ತಾ ಇರೋ ಕೌರವ ಆ ಸುದ್ದಿ ಕೇಳಿ ಖುಷಿಪಟ್ಟ. ಕುಲದಲ್ಲಿ ಉಳಿದಿದ್ದ ಮಕ್ಕಳು ಹೋದ್ರೂ ತಾನೇ ಗೆದ್ದೆ ಅನ್ನೋದು ಅವನಿಗೆ ಬೇಕಿತ್ತು.

ನಮ್ಮನೇಲಿ ಅಷ್ಟೆಲ್ಲ ಇಲ್ಲ ಬಿಡಿ. ಆದ್ರೆ ನಿನ್ನೆ ಒಂದು ಗಮನಿಸಿದ್ರಾ? ತಮ್ಮ ಕೊನೇಲಿ "ಸರಿ ಹಾಗಾದ್ರೆ, ಈ ತಿಂಗ್ಳು ನಾನೇ ಬಂದು ಇರ್ತೀನಿ" ಅಂದ. ಅದಕ್ಕೆ ಅಣ್ಣ ಏನಂದ, "ಈಗ್ಯಾಕೆ, ಬೇಡ, ಇಷ್ಟು ದಿನ ಮಾಡಿದೀನಿ ಇನ್ನೂ ಮಾಡ್ತೀನಿ, ದೇವ್ರು ನೋಡ್ಕೋತಾನೆ", ಕೆಳಗಡೆ ಒಂದು ಕೈಮುಗಿಯೋ ಎಮೋಜಿ. ಅಲ್ಲಪ್ಪಾ, ಯಾರೂ ಬರಲ್ಲ ಅನ್ನೋದೇ ತಾನೇ ನಿನ್ ದೂರು, ಬರ್ತೀನಿ ಅಂದ್ರೆ ಬೇಡ ಅಂತೀಯಲ್ಲ! ಅವನು ಬಂದ್ರೆ ದೂರು ಮುಗಿದೋಗತ್ತೆ, ನಾನೊಬ್ನೇ ಮಾಡ್ದೆ ಅನ್ನೋ ಕಿರೀಟ ಇಳಿಸ್ಬೇಕಾಗತ್ತೆ, ಅಹಂಕಾರಕ್ಕೆ ಅದೇ ಆಗಿ ಬರಲ್ಲ. ಅದು ಎದೆಯುಬ್ಬಿಸ್ಕೊಂಡು ಬಂದ್ರೆ ಯಾರಾದ್ರೂ ಗುರುತು ಹಿಡೀಬಹುದು, ತ್ಯಾಗದ ವೇಷದಲ್ಲಿ ಕೈಮುಗ್ದು ಬಂದ್ರೆ ಹೇಗಪ್ಪಾ ಹಿಡಿಯೋದು. ತಮ್ಮಂದೂ ಕಮ್ಮಿ ಇಲ್ಲ, ಬರ್ತೀನಿ ಅಂದವನು ಎರಡು ನಿಮಿಷದಲ್ಲಿ ಬ್ಯಾಂಕ್ ಸ್ಕ್ರೀನ್‌ಶಾಟ್ ಹಾಕಿದಾನೆ, ಅದೂ ಚಿಕ್ಕಮ್ಮ ಅತ್ತಿಗೆ ಮಕ್ಳು ಎಲ್ಲ ಇರೋ ಗ್ರೂಪಲ್ಲಿ.

ಇಬ್ರೂ ಬೇಕಂತ ಉಬ್ಬಿಸಿ ಹೇಳ್ತಿದೀರಿ ಅಂತ ನಾನಂತೂ ಅನ್ನಲ್ಲ. 1979ರಲ್ಲಿ ಮೈಕೆಲ್ ರಾಸ್, ಫಿಯೋರೆ ಸಿಕೋಲಿ ಅಂತ ಇಬ್ರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಗಂಡ ಹೆಂಡ್ತಿರನ್ನ ಬೇರೆ ಬೇರೆ ಕೂರಿಸಿ ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ರು, ಎಷ್ಟೋ ಕೆಲಸಕ್ಕೆ ಇಬ್ರ ಲೆಕ್ಕ ಕೂಡಿದ್ರೆ ನೂರು ಪರ್ಸೆಂಟ್ ದಾಟ್ತಿತ್ತಂತೆ. ತಮಾಷೆ ಅಂದ್ರೆ ಜಗಳ ಶುರು ಮಾಡೋ ಥರದ ಕೆಟ್ಟ ವಿಷಯಕ್ಕೂ ಹಾಗೇ ಬಂತು. ನಾವು ಮಾಡಿದ್ದು ನಮಗೆ ಬೇಗ ನೆನಪಾಗತ್ತೆ, ಅಷ್ಟೇ. ರಾತ್ರಿ ಅಮ್ಮನ್ನ ಬಾತ್ರೂಮಿಗೆ ಎಬ್ಬಿಸ್ಕೊಂಡು ಹೋಗೋದು ತಮ್ಮನ ಕಣ್ಣಿಗೆ ಬಿದ್ದಿಲ್ಲ, ತಮ್ಮ ಇಎಂಐ ಮಧ್ಯೆ ದುಡ್ಡು ಹೊಂದಿಸಿದ್ದು ಅಣ್ಣನ ಕಣ್ಣಿಗೆ ಬಿದ್ದಿಲ್ಲ. ಕಾಣದೇ ಇದ್ದದ್ದನ್ನ ಮಾಡೇ ಇಲ್ಲ ಅಂತ ಬರ್ಕೋತೀವಲ್ಲ, ಅಲ್ಲಿಂದಾಚೆಗೆ ನೆನಪಿನ ತಪ್ಪು ಅನ್ನಕ್ಕಾಗಲ್ಲ.

ನೀನು ಯಾರ ಕಡೆ ಅಂತ ಅತ್ತಿಗೆ ಪರ್ಸನಲ್ಲಾಗಿ ಕೇಳಿದಾರೆ, ಅದಕ್ಕೆ ಉತ್ತರ ಕೊಡಲ್ಲ ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಶುಕ್ರವಾರ ಶಿವಮೊಗ್ಗದಲ್ಲಿ ಅಮ್ಮನ ಕಣ್ಣಿನ ಚೆಕಪ್ ಇದೆ. ತಮ್ಮಾ, ಗುರುವಾರ ರಾತ್ರಿ ಬಸ್ಸಿಗೆ ಬಾ, ನೀನೇ ಕರ್ಕೊಂಡ್ಹೋಗು. ಅಣ್ಣಾ, ನೀ ಬೇಡ ಅನ್ಬೇಡ, ಅವತ್ತು ತೋಟಕ್ಕೆ ಹೋಗು. ಫೈಲು ಟಿವಿ ಹಿಂದಿನ ಕಪಾಟಲ್ಲಿದೆ, ಹಳೇ ಡ್ರಾಪ್ಸ್ ಬಾಟ್ಲೂ ತಗೊಂಡ್ಹೋಗಿ, ಡಾಕ್ಟ್ರು ಕೇಳ್ತಾರೆ.