ಅಪ್‌ಡೇಟ್: ಅಣ್ಣನ ಮೆಲನೋಮ, ಭೇದಿ ಮತ್ತು ಆ ರಾತ್ರಿಯ ಫೋನ್

ನಾಲ್ಕನೇ ಹಂತದ ಮೆಲನೋಮಕ್ಕೆ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಇಮ್ಯುನೊಥೆರಪಿ ಪಡೆಯುತ್ತಿರುವ ಅಣ್ಣನಿಗೆ ಭೇದಿ ಶುರುವಾಗಿದೆ, ಕೂಡಲೇ ವೈದ್ಯರಿಗೆ ತಿಳಿಸಬೇಕೇ ಅಥವಾ ಕಾದು ನೋಡಬಹುದೇ ಎಂದು ಹಿಂದೆ ಕೇಳಿದ್ದೆ. ತಡಮಾಡಬೇಡಿ ಎಂದವರ ಮಾತಿನಂತೆ ಅದೇ ರಾತ್ರಿ ಫೋನ್ ಮಾಡಿದೆವು; ಚಿಕಿತ್ಸೆಯಿಂದ ಚುರುಕಾದ ರೋಗನಿರೋಧಕ ಶಕ್ತಿಯು ಕ್ಯಾನ್ಸರಿನ ಜೊತೆಗೆ ಕರುಳಿನ ಮೇಲೂ ತಿರುಗಿಬಿದ್ದಿದೆ ಎಂದ ವೈದ್ಯರು, ಇಮ್ಯುನೊಥೆರಪಿಯ ಔಷಧಿಯಾದ ನಿವೊಲುಮಾಬ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಸ್ಟೆರಾಯ್ಡ್ ಕೊಟ್ಟರು. ಅದನ್ನು ಥಟ್ಟನೆ ಬಿಡದೆ, ಅವರು ಹೇಳಿದಂತೆ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿದ್ದೇವೆ. ಅತ್ತಿಗೆ ಫ್ರಿಜ್ ಬಾಗಿಲಿಗೆ ಅಂಟಿಸಿರುವ ಹಾಳೆಯಲ್ಲಿ, ದಿನಕ್ಕೆ ಎಷ್ಟು ಸಲ ಹೋದೆನೆಂದು ಈಗ ಅಣ್ಣನೇ ಗೀಟು ಹಾಕುತ್ತಾನೆ (ಮೊದಲು ಮುಚ್ಚಿಟ್ಟವನೂ ಅವನೇ). ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಎಂದರೆ ಕೊನೆಗಾಲದ ಮಾತೆಂದು ಹೆದರಿದ್ದೆವು. ಚಿಕಿತ್ಸೆಯ ಜೊತೆಜೊತೆಗೇ ನಡೆಯುವ ಆ ಆರೈಕೆಯಿಂದ, ನನ್ನ ಪ್ರಕಾರ, ಅಣ್ಣನ ನೋವಿಗಿಂತ ಅತ್ತಿಗೆಯ ನಿದ್ದೆಗೇ ಹೆಚ್ಚು ಅನುಕೂಲವಾಗಿದೆ. ನಿವೊಲುಮಾಬ್ ಮತ್ತೆ ಆರಂಭಿಸುವ ವಿಚಾರ ಮುಂದಿನ ಸ್ಕ್ಯಾನ್ ಆದ ಮೇಲೆ ತೀರ್ಮಾನವಾಗಲಿದೆ.