ನೋಂದಣಿ ಫಾರ್ಮ್‌ನಲ್ಲಿ ಪಾಸ್‌ವರ್ಡ್: ಚುಕ್ಕಿ ಕಾಣಿಸಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಸಹಕಾರ ಸಂಘಕ್ಕೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ನೋಂದಣಿ ಫಾರ್ಮ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಚುಕ್ಕಿ ಕಾಣುತ್ತದೆ. ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್‌ನಿಂದ ಎಂಡಿ5 ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆಯುವ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಸಂಕೇತ) ಮಾಡಿ ಕಳಿಸಿ, ಅದನ್ನೇ ಟೇಬಲ್‌ಗೆ ಹಾಕುತ್ತೇನೆ. ಕೆಲವು ಸದಸ್ಯರು ಆಗಲೇ ಸೇರಿದ್ದಾರೆ. ಮರೆತುಬಿಡುತ್ತಾರೆ, ಪಾಸ್‌ವರ್ಡ್ ಇಮೇಲ್ ಮಾಡಿ ಅಂತ ಕಾರ್ಯದರ್ಶಿಗಳು ಹೇಳುತ್ತಿದ್ದಾರೆ. ಇಷ್ಟು ಸಾಕಾ?

ಉತ್ತರ: ಸಾಲದು. ಚುಕ್ಕಿ ಇರುವುದು ಪಕ್ಕದಲ್ಲಿ ಕೂತವರಿಗೆ ಕಾಣದಿರಲಿ ಅಂತ ಅಷ್ಟೇ. ಬ್ರೌಸರ್‌ನಿಂದ ಸರ್ವರ್‌ಗೆ ಹೋಗುವ ದಾರಿಯಲ್ಲಿ ಕಾಪಾಡುವುದು ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ಹಾಕಿ.

ಬ್ರೌಸರ್‌ನಲ್ಲಿ ಎಂಡಿ5 ಮಾಡುವುದನ್ನು ಬಿಟ್ಟುಬಿಡಿ. ಸರ್ವರ್ ಆ ಹ್ಯಾಶ್ ನೋಡಿಯೇ ಒಳಗೆ ಬಿಡುವುದಾದರೆ ಹ್ಯಾಶೇ ಪಾಸ್‌ವರ್ಡ್ ಆಯಿತು, ಅಲ್ವಾ? ಟೇಬಲ್ ಕದ್ದವನು ಅದನ್ನು ಬಿಡಿಸುವ ಗೋಜಿಗೇ ಹೋಗಬೇಕಿಲ್ಲ, ಹಾಗೇ ಕಳಿಸಿದರೆ ಸಾಕು.

ಹ್ಯಾಶ್ ಮಾಡುವ ಕೆಲಸ ಸರ್ವರ್‌ನದು. ಪಿಎಚ್‌ಪಿಯಲ್ಲಿ 2013ರಿಂದಲೂ 'ಪಾಸ್‌ವರ್ಡ್_ಹ್ಯಾಶ್' ಎಂಬ ಫಂಕ್ಷನ್ ಇದೆ. ಪ್ರತಿಯೊಬ್ಬರಿಗೂ ಬೇರೆ ಸಾಲ್ಟ್ (ಒಂದೇ ಪಾಸ್‌ವರ್ಡ್ ಇದ್ದರೂ ಹ್ಯಾಶ್ ಬೇರೆ ಬರಲಿ ಅಂತ ಬೆರೆಸುವ ಮನಬಂದ ಅಕ್ಷರಗಳು) ಅದೇ ಸೇರಿಸುತ್ತದೆ. ಡಿಫಾಲ್ಟ್ ಆಯ್ಕೆ ಕೊಟ್ಟರೆ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನ ಬಳಸುತ್ತದೆ. ಇದು ಬೇಕೆಂದೇ ನಿಧಾನ. ಲಾಗಿನ್ ಆಗುವವರಿಗೆ ಗೊತ್ತೇ ಆಗುವುದಿಲ್ಲ, ಕೋಟಿಗಟ್ಟಲೆ ಊಹೆ ಮಾಡುವವನ ಕೈ ಮಾತ್ರ ಕಟ್ಟಿಹೋಗುತ್ತದೆ. ಎಂಡಿ5 ವೇಗಕ್ಕಾಗಿ ಮಾಡಿದ್ದು, ಇಲ್ಲಿ ಅದೇ ದೋಷ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದು ಸಾಲ್ಟ್ ಇಲ್ಲದ ಶಾ-1 ಹ್ಯಾಶ್‌ಗಳು. ಅದೂ ಅಂಥದ್ದೇ ವೇಗದ್ದು, ಬೇಗ ಬೇಗ ಬಿಡಿಸಿಬಿಟ್ಟರು. ಟೇಬಲ್‌ನಲ್ಲಿ ಹ್ಯಾಶ್ ಇಡುವ ಕಾಲಂಗೆ 255 ಅಕ್ಷರ ಜಾಗ ಕೊಡಿ.

ಹಳೇ ಸದಸ್ಯರು ಮತ್ತೆ ಬರಲಿ ಅಂತ ಕಾಯಬೇಡಿ. ಈಗಿರುವ ಎಂಡಿ5 ಹ್ಯಾಶ್‌ಗಳ ಮೇಲೆಯೇ ಬಿಕ್ರಿಪ್ಟ್ ಹಾಕಿ, ಆ ಸಾಲುಗಳಿಗೆ ಒಂದು ಗುರುತು ಇಡಿ. ಅವರು ಲಾಗಿನ್ ಆದಾಗ ಸರ್ವರ್‌ನಲ್ಲಿ ಎಂಡಿ5 ಮಾಡಿ ತಾಳೆ ನೋಡಿ, ಸರಿಯಿದ್ದರೆ ಮೂಲ ಪಾಸ್‌ವರ್ಡ್‌ನಿಂದ ಹೊಸ ಹ್ಯಾಶ್ ಬರೆದು ಗುರುತು ತೆಗೆಯಿರಿ. ಎಂಡಿ5 ಇರುವ ಹಳೇ ಬ್ಯಾಕಪ್‌ಗಳನ್ನೂ ಅಳಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಫಾರ್ಮ್ ಪೋಸ್ಟ್ ವಿಧಾನದಲ್ಲೇ ಹೋಗಲಿ. ಗೆಟ್ ಆದರೆ ಪಾಸ್‌ವರ್ಡ್ ವಿಳಾಸದಲ್ಲಿ ಸೇರಿ, ಬ್ರೌಸರ್ ಇತಿಹಾಸದಲ್ಲೂ ಸರ್ವರ್ ಲಾಗ್‌ನಲ್ಲೂ ಉಳಿಯುತ್ತದೆ. ನಿಮ್ಮದೇ ಕೋಡ್ ಬಂದದ್ದನ್ನೆಲ್ಲ ಲಾಗ್‌ಗೆ ಬರೆಯುತ್ತಿದೆಯಾ ಅಂತಲೂ ನೋಡಿ. 2018ರಲ್ಲಿ ಟ್ವಿಟರ್‌ನಲ್ಲಿ ಹಾಗೇ ಆಯಿತು. ಹ್ಯಾಶ್ ಆಗುವ ಮೊದಲೇ ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ಗೆ ಬಿದ್ದಿದ್ದವು. ಎಲ್ಲರೂ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಕಂಪನಿಯೇ ಕೇಳಿಕೊಳ್ಳಬೇಕಾಯಿತು. ಫೋನ್ ನಂಬರ್ ತಪ್ಪಾಗಿ ಫಾರ್ಮ್ ವಾಪಸ್ ಬಂದಾಗ ಬೇರೆ ಬಾಕ್ಸ್‌ಗಳನ್ನು ತುಂಬಿಸಿಕೊಡಿ, ಪಾಸ್‌ವರ್ಡ್ ಬಾಕ್ಸನ್ನು ಖಾಲಿ ಬಿಡಿ.

ಕಾರ್ಯದರ್ಶಿಗಳಿಗೆ ದಯವಿಟ್ಟು ಆಗುವುದಿಲ್ಲ ಅಂತಲೇ ಹೇಳಿ. ಎಷ್ಟೋ ಜನ ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಟ್ಟಿರುತ್ತಾರೆ. ಇಲ್ಲಿ ಸೋರಿದ್ದು ಅವರ ಇಮೇಲ್ ಖಾತೆಯನ್ನೂ ತೆರೆಯಬಹುದು. ಮರೆತವರಿಗೆ ಸ್ವಲ್ಪ ಹೊತ್ತು ಮಾತ್ರ ನಡೆಯುವ, ಒಂದೇ ಸಲ ಬಳಸಬಹುದಾದ, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳುವ ಲಿಂಕ್ ಕಳಿಸಿ.

ಇನ್ನೊಬ್ಬರು: ಮೇಡಂ, ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಕಡ್ಡಾಯ ಮಾಡಬೇಕಾ? ಪೇಸ್ಟ್ ಮಾಡದ ಹಾಗೆ ತಡೆಯುವುದು ಒಳ್ಳೆಯದಾ?

ಉತ್ತರ: ಎರಡೂ ಬೇಡ. ಕಡ್ಡಾಯ ಮಾಡಿದರೆ ಜನ ಕೊನೆಗೆ '@123' ಸೇರಿಸುತ್ತಾರೆ ಅಷ್ಟೇ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಇಂಥ ನಿಯಮ ಬೇಡ, ಪೇಸ್ಟ್‌ಗೆ ಅವಕಾಶ ಕೊಡಿ ಎಂದಿದೆ. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಅಡ್ಡ ಬರಬೇಡಿ. ಬಾಕ್ಸ್‌ಗೆ ಆಟೋಕಂಪ್ಲೀಟ್ 'ನ್ಯೂ-ಪಾಸ್‌ವರ್ಡ್' ಎಂದು ಕೊಟ್ಟರೆ ಆ ಮ್ಯಾನೇಜರೇ ಹೊಸದನ್ನು ಹುಟ್ಟಿಸಿ ತುಂಬುತ್ತದೆ. ಉದ್ದಕ್ಕೆ ಒತ್ತು ಕೊಡಿ. ಪಾಸ್‌ವರ್ಡ್ ಬಿಟ್ಟು ಬೇರೆ ಪರೀಕ್ಷೆ ಇಲ್ಲದ ಕಡೆ ಕನಿಷ್ಠ 15 ಅಕ್ಷರ ಇರಲಿ ಎಂದು ಅದೇ ಸಂಸ್ಥೆ 2025ರಲ್ಲಿ ಹೇಳಿದೆ. ಈಗಾಗಲೇ ಸೋರಿದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇರುವುದನ್ನು ಮಾತ್ರ ತಿರಸ್ಕರಿಸಿ, ಕಾರಣವನ್ನೂ ತಿಳಿಸಿ.

ಮೊದಲು ಕೇಳಿದವರು: ತುಂಬಾ ಉಪಕಾರವಾಯಿತು ಮೇಡಂ. ಸದಸ್ಯರು ಕನ್ನಡದಲ್ಲೇ ಪಾಸ್‌ವರ್ಡ್ ಕೊಡಬಹುದಾ?

ಉತ್ತರ: ಖಂಡಿತ ಕೊಡಲಿ, ಅವರ ಭಾಷೆ ಅದು. ಆದರೆ ಎರಡು ತೊಡಕು ಇವೆ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಸ್ತ್ರೀ' ಎನ್ನುವ ಒಂದೇ ಅಕ್ಷರ 6 ಚಿಹ್ನೆ, ಅಂದರೆ 18 ಬೈಟ್. ಉದ್ದದ ವಾಕ್ಯ ಹಾಕಿದರೆ ಬಾಲ ಕಡಿದುಹೋಗುತ್ತದೆ, ಸದಸ್ಯರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಸರ್ವರ್‌ನಲ್ಲಿ ಆರ್ಗಾನ್2ಐಡಿ ಎಂಬ ಇನ್ನೊಂದು ಹ್ಯಾಶ್ ವಿಧಾನ ಇದ್ದರೆ ಅದನ್ನೇ ಬಳಸಿ, ಈ ಮಿತಿ ಅದಕ್ಕಿಲ್ಲ.

ಎರಡನೆಯದು, 'ಕೊ' ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಕಾರದ ಒಂದೇ ಚಿಹ್ನೆಯಾಗಿ, ಇಲ್ಲವೇ ಎರಡು ತುಂಡಾಗಿ. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ ಬೇರೆ. ಹಾಗಾಗಿ ನೋಂದಣಿಯಲ್ಲೂ ಲಾಗಿನ್‌ನಲ್ಲೂ ಹ್ಯಾಶ್‌ಗೆ ಮೊದಲು ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಯೂನಿಕೋಡ್ ರೂಪಕ್ಕೆ ತನ್ನಿ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿರುವ ನಾರ್ಮಲೈಸರ್ ಇದನ್ನು ಮಾಡುತ್ತದೆ. ಚುಕ್ಕಿಗಳಲ್ಲಿ ಒತ್ತಕ್ಷರ ಸರಿಯಾಗಿ ಬಂತಾ ಅಂತ ತಿಳಿಯುವುದಿಲ್ಲ. ಬಾಕ್ಸ್ ಪಕ್ಕದಲ್ಲಿ 'ತೋರಿಸು' ಬಟನ್ ಇಡಿ.