ವಾರಕ್ಕೆ 70 ಗಂಟೆ ದುಡಿದರೆ ಕೈಲಾಸ ಸಿಗುತ್ತದೆಯೇ?

ಕೆರೆಯಂಗಳ:
ನಮ್ಮ ಕಂಪನಿಯ ರಾಜ್ಯೋತ್ಸವದ ವೇದಿಕೆಗೆ ‘ಕಾಯಕವೇ ಕೈಲಾಸ’ ಎಂಬ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರ ಕೆಳಗೆ ನಿಂತ ಮೇಲಧಿಕಾರಿ, ಡಿಸೆಂಬರ್ ಮುಗಿಯುವವರೆಗೆ ಶನಿವಾರವೂ ಕೆಲಸಕ್ಕೆ ಬರಬೇಕೆಂದು ಘೋಷಿಸಿದರು. ಚಪ್ಪಾಳೆಯೂ ಬಿತ್ತು! 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಓದು, ನೌಕರಿ, ಸೈಟು, ಕಾರು, ದೇಶ ಕಟ್ಟುವುದು, ಇದನ್ನೇ ಕೇಳಿಕೊಂಡು ಬೆಳೆದವನು ನಾನು. ಈಗ ಅದರಲ್ಲಿ ನಂಬಿಕೆ ಉಳಿದಿಲ್ಲ, ಅದರ ಜಾಗಕ್ಕೆ ಬೇರೇನೂ ಬಂದಿಲ್ಲ. ನೀವೆಲ್ಲ ಯಾವುದನ್ನು ನೆಚ್ಚಿಕೊಂಡು ಬೆಳಿಗ್ಗೆ ಏಳುತ್ತೀರಿ?

ಪೀಣ್ಯ ಎರಡನೇ ಹಂತ:
ನನ್ನದು ಸಣ್ಣ ಲೇತ್ ವರ್ಕ್‌ಶಾಪ್ ಸ್ವಾಮಿ. ಶುರುವಿನಲ್ಲಿ ಗಂಟೆ ಎಣಿಸುತ್ತ ಕುಳಿತಿದ್ದರೆ ಇಂದು ಬೀದಿಯಲ್ಲಿರುತ್ತಿದ್ದೆ. ಯುದ್ಧದಲ್ಲಿ ನೆಲಕಚ್ಚಿದ್ದ ಜರ್ಮನಿ, ಜಪಾನ್ ಎದ್ದು ನಿಂತದ್ದು ದುಡಿಮೆಯಿಂದ ಎಂದು ಮೂರ್ತಿಯವರು ಹೇಳಿದ್ದರಲ್ಲಿ ತಪ್ಪೇನಿದೆ? ಬದುಕಿನ ಅರ್ಥ ಹುಡುಕುವುದೆಲ್ಲ ಹೊಟ್ಟೆ ತುಂಬಿದ ಮೇಲಿನ ಮಾತು.

ನೆಕ್ಕರ್ ದಡ:
ಸ್ಟುಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ. ಜರ್ಮನಿಯ ಉದಾಹರಣೆ ಕೊಡುವವರು ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. 1956ರ ಮೇ ದಿನಕ್ಕೆ ಇಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಭಿತ್ತಿಪತ್ರ ಹೊರಡಿಸಿತ್ತು. ಅದರಲ್ಲೊಬ್ಬ ಪುಟ್ಟ ಹುಡುಗ, ಜೊತೆಗೆ ‘ಶನಿವಾರ ಅಪ್ಪ ನನಗೆ ಸೇರಿದವರು’ ಎಂಬ ಘೋಷಣೆ. ವಾರಕ್ಕೆ ಐದು ದಿನ, 40 ಗಂಟೆ ಕೆಲಸ ಎಂಬುದು ಬೇಡಿಕೆ. ಪವಾಡ ಎಂದು ಹೊಗಳಿಸಿಕೊಂಡ ಆ ದೇಶದ ಏಳಿಗೆ ನಡೆಯುತ್ತಿದ್ದ ಕಾಲವೇ ಅದು. ಇನ್ನು ಜಪಾನ್‌ನಲ್ಲಿ ಜನ ದುಡಿದು ದುಡಿದು ಸಾಯುವುದನ್ನು ತಡೆಯಲೆಂದೇ 2014ರಲ್ಲಿ ಕಾನೂನು ತರಬೇಕಾಯಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲೇ ಹೇಳಿವೆ.

ಹೊಸೂರು ರಸ್ತೆ:
ಹೊಟ್ಟೆ ತುಂಬಿದವರ ಮಾತು ಎಂದರಲ್ಲ, ಅದಕ್ಕೆ ಉತ್ತರಿಸುತ್ತೇನೆ. ನನ್ನ ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಸಾಲಿನ ತುದಿಯ ಬೋರ್ಡಿನಲ್ಲಿ ಗಂಟೆಗೊಮ್ಮೆ ಎಷ್ಟು ಕಾಲರ್ ಆಯಿತೆಂದು ಬರೆಯುತ್ತಿದ್ದರು. ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ಅಮ್ಮ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಇಂಥ ಸಾವಿರಾರು ಹೆಂಗಸರು ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಮುಂದಾಳು ಎಂದು ಯಾರೂ ಇರಲಿಲ್ಲ. ಎರಡು ದಿನ ಬೆಂಗಳೂರು ಸ್ತಬ್ಧವಾಯಿತು, ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ನಿಮ್ಮ ವೃದ್ಧಾಪ್ಯದ ಒಳ್ಳೆಯದಕ್ಕೇ ಮಾಡಿದ್ದು ಎಂಬ ಉಪದೇಶವನ್ನು ಅವರು ನಂಬಲಿಲ್ಲ. ನಂಬದಿರಲು ಹೊಟ್ಟೆ ತುಂಬಿರಬೇಕಾಗಿಲ್ಲ ಸರ್.

ನಿವೃತ್ತ ಮೇಷ್ಟ್ರು:
ಆ ಬ್ಯಾನರ್ ಬಗ್ಗೆ ನನ್ನದೊಂದು ತಕರಾರು. ಕಾಯಕವೇ ಕೈಲಾಸ ಎಂಬ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ಗದರಿಸಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಗಂಡನ ಮಾತನ್ನು ಬ್ಯಾನರಿಗೆ ಏರಿಸಿ ಹೆಂಡತಿಯ ಮಾತನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾರೆ. ದುಡಿಮೆಗೊಂದು ಮಿತಿ, ದುಡಿದದ್ದರಲ್ಲಿ ಹಂಚಿಕೆ, ಇವೆರಡನ್ನೂ ಕಳಚಿದ ಮೇಲೆ ಅಲ್ಲಿ ಉಳಿಯುವುದು ಹಾಜರಿ ಪುಸ್ತಕ ಮಾತ್ರ.

ಪೀಣ್ಯ ಎರಡನೇ ಹಂತ:
ಮೇಷ್ಟ್ರೇ, ಲಕ್ಕಮ್ಮನಿಗೆ ಬ್ಯಾಂಕಿನ ಕಂತು ಇರಲಿಲ್ಲ.

ನಿವೃತ್ತ ಮೇಷ್ಟ್ರು:
ಇರಲಿಲ್ಲ, ನಿಜ. ನಾಳೆಗೆಂದು ಕೂಡಿಟ್ಟ ಅಕ್ಕಿಯೂ ಇರಲಿಲ್ಲ.

ಅಡಿಕೆ ಹಾಳೆ:
ಕೆರೆಯಂಗಳದವರೇ, ಇನ್ನು ಯಾರಾದರೂ ಬಂದು ‘ನೌಕರಿ ಬಿಡಿ, ಹಳ್ಳಿಗೆ ಬನ್ನಿ’ ಎನ್ನುತ್ತಾರೆ. ಅದಕ್ಕೆ ಮೊದಲೇ ಎಚ್ಚರಿಸುತ್ತೇನೆ. ನಾನು ಹಾಗೆ ತೀರ್ಥಹಳ್ಳಿ ಕಡೆಗೆ ಮರಳಿದವನು. ಅದೂ ಈಗ ಮಾರಾಟಕ್ಕಿರುವ ಸರಕೇ, ವಿಡಿಯೊಗಳಲ್ಲಿ ಬರೀ ಮಂಜು ಮತ್ತು ಕಾಫಿ ಲೋಟ. ಮುಂಗಾರು ಹಿಡಿಯುವ ಮೊದಲು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸಿ ಅಡಿಕೆಯ ಕೊಳೆರೋಗಕ್ಕೆ ಹೊಡೆಸಬೇಕು. ಮರ ಹತ್ತುವವರು ಆ ವಾರ ಊರಿಗೆಲ್ಲ ಬೇಕು, ನಮ್ಮ ಸರದಿ ಬರುವಷ್ಟರಲ್ಲಿ ಮಳೆ ಸುರಿದಿರುತ್ತದೆ. ಈಗ ಎಲೆಚುಕ್ಕಿ ರೋಗ ಬೇರೆ. ಗಂಟೆ ಎಣಿಸಿದರೆ ಇಲ್ಲಿಯೂ 70 ದಾಟುತ್ತದೆ. ನನಗೆ ಇಲ್ಲಿ ಹಿತವಾಗಿದೆ, ಸುಳ್ಳೇಕೆ ಹೇಳಲಿ. ಆದರೆ ತಂದೆ ಬಿಟ್ಟುಹೋದ ತೋಟ ಇದ್ದದ್ದರಿಂದ ಆ ಹಿತ ನನಗೆ ದಕ್ಕಿತು. ಅದಿಲ್ಲದವರಿಗೆ ಈ ದಾರಿ ತೋರಿಸುವುದು ವಂಚನೆ.

ಹೊಸೂರು ರಸ್ತೆ:
ಒಪ್ಪಿದೆ. ಮೇಷ್ಟ್ರ ಮಾತಿಗೂ ಒಂದು ಸೇರಿಸುತ್ತೇನೆ. ಸಾಕು ಎಂದವಳು ಅಕ್ಕಿ ಆಯುತ್ತಿದ್ದ ಮನೆಯವಳೇ, ಅಕ್ಕಿಯ ಒಡೆಯರಲ್ಲ. ನಾಳೆ ಯಾವುದಾದರೂ ಕಂಪನಿ ಲಕ್ಕಮ್ಮನ ವಚನವನ್ನೂ ಗೋಡೆಗೆ ಅಂಟಿಸಿ ‘ಈ ವರ್ಷ ಸಂಬಳ ಏರಿಕೆ ಇಲ್ಲ, ಅತಿಯಾಸೆ ಬೇಡ’ ಎಂದೀತು! ಎಷ್ಟು ಸಾಕು ಎಂಬುದನ್ನು ದುಡಿಯುವವರೇ ಹೇಳಬೇಕು. ಕೆರೆಯಂಗಳದವರೇ, ನೀವು ಯಾವಾಗ ಹೇಳುತ್ತೀರಿ?

ಕೆರೆಯಂಗಳ:
ಜೀವನದ ಅರ್ಥ ಕೇಳಲು ಬಂದವನಿಗೆ ಮೈಲುತುತ್ತದ ಅಳತೆ ಸಿಕ್ಕಿತು, ಸಂತೋಷ. 2024ರ ಜುಲೈನಲ್ಲಿ ಐಟಿ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ವಿರೋಧಿಸಿತ್ತು. ನಾನು ಸುದ್ದಿ ಓದಿ ಪುಟ ತಿರುಗಿಸಿದ್ದೆ. ಇನ್ನೂ ಸದಸ್ಯನಾಗಿಲ್ಲ. ಸದ್ಯಕ್ಕೆ, ಶನಿವಾರದ ಕೆಲಸಕ್ಕೆ ಹೆಚ್ಚುವರಿ ಸಂಬಳ ಎಷ್ಟು ಎಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆಯುತ್ತೇನೆ. ತಂಡದ ಇನ್ನಿಬ್ಬರು ಸಹಿ ಹಾಕುತ್ತೇವೆ ಎಂದಿದ್ದಾರೆ.

ಪೀಣ್ಯ ಎರಡನೇ ಹಂತ:
ಬರೆಯಿರಿ, ಬರೆಯಿರಿ. 2025ರ ನವೆಂಬರ್‌ವರೆಗೆ ಇದ್ದ ಹಳೆಯ ಕಾರ್ಖಾನೆ ಕಾಯ್ದೆಯಲ್ಲೇ ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಸಂಬಳ ಕೊಡಬೇಕೆಂದಿತ್ತು. ನನ್ನ ಹುಡುಗರಿಗೆ ಮಾತ್ರ ಈ ಚರ್ಚೆಯ ಲಿಂಕ್ ಕಳಿಸಬೇಡಿ.